ಬಾಗಬೇಕಾದ್ದು ಪಾರ್ಕು, ಬೀದಿಯಲ್ಲ

2011ರ ಜುಲೈ 29. ಆಷಾಢ ಕಳೆದು ಶ್ರಾವಣ ಹುಟ್ಟಲು ಇನ್ನೆರಡು ದಿನ ಬಾಕಿಯಿತ್ತು. ಆಷಾಢದಲ್ಲಿ ಮನೆ ಬದಲಿಸಬಾರದು ಎಂದು ಬಾಡಿಗೆದಾರರೂ ಮಾಲೀಕರೂ ಒಪ್ಪಿ ನಡೆಯುವ ನಾಡು ನಮ್ಮದು. ಅಂಥ ಹೊತ್ತಿನಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನ ತೇರಿನ ಬೀದಿಗೆ ಜೆಸಿಬಿಗಳು ಬಂದವು. ತೆರವಿನ ಮಾತು ವರ್ಷಗಳಿಂದ ಇತ್ತು. ಆದರೆ ದಿನ ಇದೇ ಎಂದು ಜನಕ್ಕೆ ಖಚಿತವಾದದ್ದು ಯಂತ್ರಗಳು ಬರುವುದಕ್ಕೆ ಸ್ವಲ್ಪ ಮುಂಚೆಯಷ್ಟೆ. ಕಲ್ಲಿನ ಸಾಲುಮಂಟಪಗಳ ಒಳಗೆ ಕಟ್ಟಿಕೊಂಡ ಗೋಡೆಗಳು, ಅವಕ್ಕೆ ಅಂಟಿಕೊಂಡಿದ್ದ ಅಂಗಡಿ, ಖಾನಾವಳಿ, ಮನೆಗಳು ಒಂದೊಂದಾಗಿ ನೆಲ ಕಂಡವು. ಆ ತೆರವಿನಲ್ಲಿ ಒಟ್ಟು ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಬೀದಿಯ ಉದ್ದ ಹೆಚ್ಚೆಂದರೆ ಮುಕ್ಕಾಲು ಕಿಲೋಮೀಟರು. ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿರುವ ಪಾರಂಪರಿಕ ಪ್ರದೇಶವೋ 236 ಚದರ ಕಿಲೋಮೀಟರು, 29 ಹಳ್ಳಿಗಳು. ಅಷ್ಟು ವಿಶಾಲವಾದ ಬಯಲಿನಲ್ಲಿ ಈ ಒಂದು ಬೀದಿಯ ಜನರನ್ನು ಉಳಿಸಿಕೊಳ್ಳಲು ಜಾಗವಿರಲಿಲ್ಲವೆ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಚಿತ್ರದುರ್ಗದಿಂದ ಹೊಸಪೇಟೆಯ ಹೆದ್ದಾರಿ ಹಿಡಿದರೆ ಹಂಪಿ ಮೂರು ಗಂಟೆಯ ದಾರಿ. ಊರ ನಡುವೆ ಏಳು ಸುತ್ತಿನ ಕೋಟೆಯನ್ನು ಇಟ್ಟುಕೊಂಡು, ಅದರ ಬುಡದಲ್ಲೇ ಮನೆ ಕಟ್ಟಿಕೊಂಡಿರುವ ನಮಗೆ ಆ ಪ್ರಶ್ನೆ ದೂರದ್ದಲ್ಲ.

ಹಂಪಿಯಲ್ಲಿ ನಡೆದದ್ದನ್ನು ಯಾರೂ ಪಾರ್ಕು ವಿಸ್ತರಣೆ ಎಂದು ಕರೆಯಲಿಲ್ಲ. ಸ್ಮಾರಕ ಸಂರಕ್ಷಣೆ ಎಂದರು, ಒತ್ತುವರಿ ತೆರವು ಎಂದರು. ಬೇರೆ ಊರುಗಳಲ್ಲಿ ಇದೇ ಕೆಲಸ ಉದ್ಯಾನ ಅಭಿವೃದ್ಧಿ, ಕೆರೆ ದಂಡೆಯ ಸುಂದರೀಕರಣ, ಪ್ರವಾಸಿ ತಾಣದ ಉನ್ನತೀಕರಣ ಎಂಬ ಹೆಸರುಗಳಲ್ಲಿ ನಡೆಯುತ್ತದೆ. ಹೆಸರು ಯಾವುದಾದರೂ ಒಳಗಿನ ತರ್ಕ ಒಂದೇ: ನೋಡಲು, ಅಡ್ಡಾಡಲು ಬರುವವರಿಗೆ ಬಯಲು ಬೇಕು, ಅಲ್ಲಿ ಇರುವವರು ಅದಕ್ಕೆ ಅಡ್ಡಿ. ಈ ತರ್ಕ ತಪ್ಪು ಎಂಬುದು ಈ ಲೇಖನದ ವಾದ. ಪಾರ್ಕು ಬೇಡವೆಂದಲ್ಲ, ಸ್ಮಾರಕ ಹಾಳಾಗಲಿ ಎಂದೂ ಅಲ್ಲ. ಪಾರ್ಕು ಎಂಬುದು ಆಕಾರ ಬದಲಿಸಿಕೊಳ್ಳಬಲ್ಲ ವಸ್ತು. ಅದನ್ನು ಉದ್ದಕ್ಕೆ ಎಳೆಯಬಹುದು, ಮನೆಗಳ ಸುತ್ತ ಬಳಸಿಕೊಂಡು ಹೋಗುವಂತೆ ಮಾಡಬಹುದು, ಎರಡು ಮೂರು ತುಂಡಾಗಿ ಬೇರೆ ಬೇರೆ ಕಡೆ ಹಂಚಬಹುದು. ಮನೆಗಳ ಸಾಲೊಂದಕ್ಕೆ ಆ ಅನುಕೂಲವಿಲ್ಲ. ಹಾಗಿರುವಾಗ ಇಬ್ಬರಲ್ಲಿ ಒಬ್ಬರು ಬಾಗಬೇಕಾಗಿ ಬಂದರೆ, ಬಾಗಲು ಬರುವವರೇ ಮೊದಲು ಬಾಗಬೇಕು. ಬೇರೆ ದಾರಿಯೇ ಇಲ್ಲ ಎಂದು ಸಾಬೀತು ಮಾಡುವ ಹೊಣೆ ನಕ್ಷೆ ತಂದವರ ಮೇಲಿರಬೇಕೇ ಹೊರತು ಮನೆಯಲ್ಲಿ ಇರುವವರ ಮೇಲಲ್ಲ.

ಹಂಪಿಯ ಬೀದಿಯನ್ನೇ ನೋಡಿ. ಅಲ್ಲಿ ತೆರವು ಮಾಡಿದ್ದು ಬೀದಿಯ ಮೂಲ ರೂಪವನ್ನು ಮರಳಿ ಪಡೆಯುವುದಕ್ಕಾಗಿ ಎನ್ನಲಾಯಿತು. ಹಾಗಾದರೆ ಮೂಲ ರೂಪ ಯಾವುದು? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಗುಡಿಯ ಮುಂದಿನ ಬೀದಿಯಲ್ಲಿ ಮೊಗಸಾಲೆಗಳಿದ್ದ ಚೆಂದದ ಮನೆಗಳನ್ನೂ ಅವುಗಳಲ್ಲಿ ತಂಗುತ್ತಿದ್ದ ಯಾತ್ರಿಕರನ್ನೂ ಕಂಡು ಬರೆದಿದ್ದಾನೆ. ಸಾಲುಮಂಟಪಗಳು ಖಾಲಿ ನಿಲ್ಲಲೆಂದು ಕಟ್ಟಿದವಲ್ಲ. ಮಾರುವವರು, ಕೊಳ್ಳುವವರು, ತಂಗುವವರು ಇರಲಿ ಎಂದೇ ಕಟ್ಟಿದವು. 1565ರ ಯುದ್ಧದ ನಂತರ ನಗರ ಹಾಳಾಯಿತು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ, ತೇರೂ ನಿಲ್ಲಲಿಲ್ಲ. ಪೂಜೆ ನಡೆಯುವಲ್ಲಿ ಯಾತ್ರಿಕರು ಬರುತ್ತಾರೆ, ಯಾತ್ರಿಕರು ಬರುವಲ್ಲಿ ಕಾಯಿ ಕರ್ಪೂರದ ಅಂಗಡಿ ಬರುತ್ತದೆ, ಅಂಗಡಿಯ ಹಿಂದೆ ಸಂಸಾರ ಬರುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಆ ಮಂಟಪಗಳಿಗೆ ಮತ್ತೆ ಜನ ಸೇರಿದ್ದು ಹೀಗೆ. ಅವರು ಕಟ್ಟಿದ್ದರಲ್ಲಿ ಒರಟುತನವಿತ್ತು, ಇಟ್ಟಿಗೆ, ತಗಡು, ಬಣ್ಣದ ಬೋರ್ಡುಗಳಿದ್ದವು, ನಿಜ. ಆದರೆ ಬೀದಿಯ ಬಳಕೆ ಪಾಯೆಸ್ ಕಂಡ ಬಳಕೆಯೇ ಆಗಿತ್ತು. ತೆರವಿನ ನಂತರ ಉಳಿದದ್ದು ಕಲ್ಲಿನ ಕಂಬಗಳು ಮತ್ತು ಕಣ್ಣಿಗೆ ಅಡ್ಡವಿಲ್ಲದ ಬಯಲು. ಫೋಟೋಕ್ಕೆ ಅದು ಚೆನ್ನ. ವಿಜಯನಗರದ ಜೀವಂತ ಪೇಟೆ ಹಾಗಿತ್ತು ಎಂದು ಯಾರಾದರೂ ನಂಬಿದರೆ ಅವರು ನಂಬುತ್ತಿರುವುದು 1565ರ ನಂತರದ ಹಾಳು ಹಂಪಿಯನ್ನು.

2011ರ ಅದೇ ಬೇಸಿಗೆ-ಮಳೆಗಾಲದ ನಡುವೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪುರಾತತ್ವಜ್ಞರು ನೆಲ ಅಗೆಯುತ್ತಿದ್ದರು. ಅವರು ಹುಡುಕುತ್ತಿದ್ದುದು ಅರಮನೆಯನ್ನಲ್ಲ, ಪಾರ್ಕಿಗಾಗಿ ಕೆಡವಿದ ಒಂದು ಕೇರಿಯನ್ನು. ಸೆನೆಕಾ ವಿಲೇಜ್ ಎಂಬ ಆ ಕೇರಿಯಲ್ಲಿ 1825ರಿಂದ ಸ್ವತಂತ್ರರಾಗಿದ್ದ ಕಪ್ಪು ಜನ ನಿವೇಶನ ಕೊಂಡು ಮನೆ ಕಟ್ಟಿದ್ದರು. ಆಮೇಲೆ ಐರ್ಲೆಂಡಿನಿಂದ ವಲಸೆ ಬಂದವರೂ ಸೇರಿಕೊಂಡರು. 1855ರ ಹೊತ್ತಿಗೆ ಸುಮಾರು 225 ಜನ, ಮೂರು ಚರ್ಚು, ಒಂದು ಶಾಲೆ ಅಲ್ಲಿದ್ದವು. ಅಂದಿನ ನ್ಯೂಯಾರ್ಕ್ ಕಾನೂನಿನಂತೆ ಕಪ್ಪು ಗಂಡಸಿಗೆ ಮತ ಹಾಕಬೇಕಾದರೆ 250 ಡಾಲರು ಬೆಲೆಯ ಆಸ್ತಿ ಇರಬೇಕಿತ್ತು. ಬಿಳಿಯರಿಗೆ ಆ ಷರತ್ತು ಇರಲಿಲ್ಲ. ಹಾಗಾಗಿ ಅಲ್ಲಿನ ಕೆಲವರಿಗೆ ಮನೆಯ ಜಾಗವೆಂದರೆ ಮತದ ಹಕ್ಕೂ ಆಗಿತ್ತು. ಪಾರ್ಕಿನ ಯೋಜನೆ ಬಂದಾಗ ಪತ್ರಿಕೆಗಳು ಅವರನ್ನು ಅಕ್ರಮವಾಗಿ ಗುಡಿಸಲು ಹಾಕಿಕೊಂಡವರೆಂದು ಬರೆದವು. ನೆಲದ ಒಡೆಯರಿಗೆ ಒಂದಿಷ್ಟು ಪರಿಹಾರ ಸಿಕ್ಕಿತು, ಬಾಡಿಗೆಗಿದ್ದವರಿಗೆ ಏನೂ ಸಿಗಲಿಲ್ಲ. 1857ಕ್ಕೆ ಕೇರಿ ಇಲ್ಲವಾಯಿತು. ಅಲ್ಲೊಂದು ಕೇರಿ ಇತ್ತು ಎಂದು ನಗರ ಒಂದು ಫಲಕ ಹಾಕಿದ್ದು 2001ರಲ್ಲಿ. ಹತ್ತು ವರ್ಷದ ಬಳಿಕ ನಡೆದ ಆ ಉತ್ಖನನದಲ್ಲಿ ಸಿಕ್ಕಿದ್ದು ಚಹಾ ಕಾಯಿಸುವ ಕಬ್ಬಿಣದ ಪಾತ್ರೆ, ಪಿಂಗಾಣಿಯ ಚೂರುಗಳು, ಒಂದು ಮಗುವಿನ ಚಪ್ಪಲಿ. ಒಂದು ದೇಶ ತಾನು ಕೆಡವಿದ ಬೀದಿಯನ್ನು ಪುರಾತತ್ವದ ಹೆಸರಿನಲ್ಲಿ ಮಣ್ಣಿನಿಂದ ಹೆಕ್ಕುತ್ತಿದ್ದಾಗ, ಇನ್ನೊಂದು ದೇಶ ಪುರಾತತ್ವದ ಹೆಸರಿನಲ್ಲೇ ಬೀದಿಯೊಂದನ್ನು ಮಣ್ಣು ಮಾಡುತ್ತಿತ್ತು. ಸೆಂಟ್ರಲ್ ಪಾರ್ಕನ್ನು ಇಂದು ಜಗತ್ತೇ ಮೆಚ್ಚುತ್ತದಲ್ಲ, ಅಂದಿನ ತ್ಯಾಗ ಸಾರ್ಥಕವಾಯಿತಲ್ಲ ಎನ್ನುವವರಿದ್ದಾರೆ. ಆ ಪಾರ್ಕಿನ ವಿಸ್ತೀರ್ಣ 843 ಎಕರೆ. ಅದರ ಒಂದು ಅಂಚಿನಲ್ಲಿ ಕೆಲವೇ ಎಕರೆಯ ಕೇರಿಯನ್ನು ಉಳಿಸಿಕೊಂಡಿದ್ದರೆ ಮೆಚ್ಚುಗೆಗೆ ಕೊರತೆಯಾಗುತ್ತಿತ್ತೆ? ತ್ಯಾಗ ಎನ್ನುವ ಮಾತನ್ನಾಡಬೇಕಾದರೆ ಕೊಟ್ಟವರು ಮನಸಾರೆ ಕೊಟ್ಟಿರಬೇಕು. ಕಸಿದುಕೊಂಡದ್ದಕ್ಕೆ ಆ ಹೆಸರು ಸಲ್ಲದು.

ಎದುರು ವಾದಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಒತ್ತುವರಿಯದು. ಹಂಪಿಯ ಸಾಲುಮಂಟಪ ಸಂರಕ್ಷಿತ ಸ್ಮಾರಕ. ಅದರೊಳಗೆ ಗೋಡೆ ಎಬ್ಬಿಸುವ ಹಕ್ಕು ಯಾರಿಗೂ ಇರಲಿಲ್ಲ. ತೆರವಿಗೆ ನ್ಯಾಯಾಲಯದ ಆದೇಶವೂ ಇತ್ತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ, ತುಂಗಭದ್ರೆಯ ಮೇಲಿನ ಸೇತುವೆ ಕಾಮಗಾರಿಯ ಗದ್ದಲದಲ್ಲಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು ಎಂಬುದನ್ನೂ ಮರೆಯುವಂತಿಲ್ಲ. ಅಧಿಕಾರಿಗಳ ಮೇಲೆ ಒತ್ತಡವಿತ್ತು. ಇಷ್ಟನ್ನೂ ಒಪ್ಪಿಕೊಂಡು ಎರಡು ಮಾತು ಹೇಳಬೇಕು. ಮೊದಲನೆಯದು, ತಪ್ಪಿಗೂ ಶಿಕ್ಷೆಗೂ ಅಳತೆ ಸರಿಹೋಗಬೇಕು. ಕಲ್ಲಿನ ಕಂಬಕ್ಕೆ ಮೊಳೆ ಹೊಡೆದಿದ್ದರೆ ಮೊಳೆ ಕೀಳಬೇಕು, ಮಂಟಪದೊಳಗೆ ಗೋಡೆ ಇದ್ದರೆ ಗೋಡೆ ತೆಗೆಸಬೇಕು. ಅದಕ್ಕೆ ಗಾರೆಯವನ ಕೈ ಸಾಕು, ಕಾಲಾವಕಾಶ ಕೊಟ್ಟರೆ ಇದ್ದವರೇ ತೆಗೆಯುತ್ತಾರೆ. ಒಂದು ಊರನ್ನೇ ಎತ್ತಿ ಬೇರೆಡೆ ಇಡಬೇಕಾಗಿಲ್ಲ. ಎರಡನೆಯದು, ಹಲವು ದಶಕ ಒಂದೇ ಕಡೆ ವಾಸವಾಗಿದ್ದು, ಅದೇ ವಿಳಾಸದಲ್ಲಿ ಮತದಾರರ ಪಟ್ಟಿಗೆ ಸೇರಿದವರನ್ನು ಒಂದು ಬೆಳಗ್ಗೆ ಅತಿಕ್ರಮಣಕಾರರು ಎಂದರೆ, ಅಷ್ಟು ದಿನ ಅವರಿಂದ ಓಟು ಪಡೆದವರು ಯಾರಾಗುತ್ತಾರೆ? ಸುಮ್ಮನಿದ್ದ ಸರ್ಕಾರಕ್ಕೂ ಆ ಒತ್ತುವರಿಯಲ್ಲಿ ಪಾಲಿದೆ. ನದಿಯ ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ವಿಷಯ ಬೇರೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವುಗಳ ವಿರುದ್ಧ ತೀರ್ಪು ಕೊಟ್ಟಿತು, ಮುಂದಿನ ತಿಂಗಳು ಅವು ಬಿದ್ದವು. ಲಾಭಕ್ಕೆ ಕಟ್ಟಿದ ರೆಸಾರ್ಟು, ತಲೆಮಾರು ಬದುಕಿದ ಮನೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತೂಗಿದಾಗಲೆಲ್ಲ ರೆಸಾರ್ಟಿನ ಮೇಲಿನ ಸಿಟ್ಟಿಗೆ ಮನೆ ಬಲಿಯಾಗುತ್ತದೆ.

ಕಾನೂನು ಈ ವ್ಯತ್ಯಾಸವನ್ನು ಹಂತಹಂತವಾಗಿ ಕಲಿತಿದೆ. ಮುಂಬಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಹೆಸರಾದ 1985ರ ತೀರ್ಪಿನಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ತೆರವನ್ನು ಪೂರ್ತಿ ತಡೆಯಲಿಲ್ಲ ಎಂಬುದೂ ನಿಜ. ಆದರೆ ಮಳೆಗಾಲ ಮುಗಿದು ಒಂದು ತಿಂಗಳಾಗುವ ತನಕ, ಅಕ್ಟೋಬರ್ 31ರವರೆಗೆ ಯಾರನ್ನೂ ಎಬ್ಬಿಸಬಾರದು ಎಂದು ತಾಕೀತು ಮಾಡಿತು. ಫುಟ್‌ಪಾತಿನ ಗುಡಿಸಲಿಗೆ 1985ರಲ್ಲಿ ಸಿಕ್ಕ ಈ ಕನಿಕರ 2011ರ ಜುಲೈಯಲ್ಲಿ ಹಂಪಿಗೆ ಸಿಗಲಿಲ್ಲ. 2014ರ ಜನವರಿಯಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆ ಯೋಜನೆಯ ಸಾಮಾಜಿಕ ಪರಿಣಾಮವನ್ನು ಮೊದಲೇ ಅಳೆಯಬೇಕೆಂದಿತು. ಬಾಡಿಗೆದಾರರನ್ನೂ ಆ ನೆಲದಲ್ಲಿ ದುಡಿದು ಉಣ್ಣುವವರನ್ನೂ ಬಾಧಿತರ ಸಾಲಿಗೆ ಸೇರಿಸಿತು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಯಾವ ಕಟ್ಟಡ ಕೆಡವಬೇಕಾದರೂ ಕನಿಷ್ಠ 15 ದಿನದ ನೋಟಿಸು, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ವಿಧಿಸಿತು. ರಸ್ತೆ, ಫುಟ್‌ಪಾತಿನಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳನ್ನೂ ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣಗಳನ್ನೂ ಆ ರಕ್ಷಣೆಯಿಂದ ಹೊರಗಿಟ್ಟಿತು. ಹಂಪಿಯಂಥ ಬೀದಿ ನಾಳೆ ಮತ್ತೆ ಎದುರಾದರೆ ಅದು ಜಾರಿ ಬೀಳುವುದು ಈ ಸಂದಿನಲ್ಲೇ. ಆದ್ದರಿಂದ ಕಾನೂನು ಕೇಳಿದಷ್ಟನ್ನೇ ಕೊಟ್ಟು ಕೈತೊಳೆದುಕೊಂಡರೆ ಸಾಲದು.

ಪರಿಹಾರ ಕೊಟ್ಟರಲ್ಲ, ನಿವೇಶನ ಕೊಟ್ಟರಲ್ಲ ಎಂಬುದು ಮುಂದಿನ ವಾದ. ಹಂಪಿಯವರಿಗೆ ತೋರಿಸಿದ ಜಾಗ ಸುಮಾರು ನಾಲ್ಕು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿ. ನಕ್ಷೆಯ ಮೇಲೆ ನಾಲ್ಕು ಕಿಲೋಮೀಟರು ಬೆರಳಗಲ. ಗುಡಿಯಿಂದ ಹೊರಬರುವ ಯಾತ್ರಿಕನಿಗೆ ಕಾಯಿ, ಹೂವು, ಊಟ ಕೊಟ್ಟು ಬದುಕುವವರಿಗೆ ನಾನೂರು ಗಜವೂ ದೂರವೇ. ಚದರಡಿಗೆ ಇಷ್ಟೆಂದು ಲೆಕ್ಕ ಹಾಕುವ ಪರಿಹಾರಕ್ಕೆ ಮನೆ ಕಾಣುತ್ತದೆ, ಬೀದಿ ಕಾಣುವುದಿಲ್ಲ. ತಿಂಗಳ ಕೊನೆಗೆ ಕಡ ಕೊಡುವ ಅಂಗಡಿ, ಮಗುವನ್ನು ಬಿಟ್ಟು ಕೂಲಿಗೆ ಹೋಗಲು ನಂಬಿಕೆಯಿರುವ ಪಕ್ಕದ ಮನೆ, ನಡೆದು ಹೋಗುವ ಶಾಲೆ, ಕೆಲಸಕ್ಕೆ ಕರೆಯುವವರು ಬಂದು ನಿಲ್ಲುವ ಸರ್ಕಲ್ಲು ಇವೆಲ್ಲ ಬಡವರ ಆಸ್ತಿ. ಇದಕ್ಕೆ ಖಾತೆಯಿಲ್ಲ, ಪಹಣಿಯಿಲ್ಲ, ಹಾಗಾಗಿ ಬೆಲೆಯೂ ಇಲ್ಲ. ಬಾಡಿಗೆದಾರರ ಸ್ಥಿತಿ ಇನ್ನೂ ಕಷ್ಟ. ಹಕ್ಕುಪತ್ರ ಇರುವವರಿಗೆ ಚೆಕ್ಕು, ಇಲ್ಲದವರಿಗೆ ದಾರಿ ಎಂಬುದು ನ್ಯೂಯಾರ್ಕಿನಲ್ಲಿ 1857ರಲ್ಲಿ ನಡೆದ ಪಾಠವೇ. ಇತ್ತ ಹೊಸ ಪಾರ್ಕಿನ ಸುತ್ತಲಿನ ನಿವೇಶನಗಳಿಗೆ ಬೆಲೆ ಏರುತ್ತದೆ, ಅದರ ಲಾಭ ಉಳಿದವರಿಗೆ ಹೋಗುತ್ತದೆ. ಎಲ್ಲರ ಸುಖಕ್ಕೆಂದು ಮಾಡುವ ಕೆಲಸದ ಖರ್ಚನ್ನು ಒಂದೇ ಕೇರಿಯ ತಲೆಗೆ ಕಟ್ಟುವುದು ಯಾವ ಲೆಕ್ಕದಲ್ಲೂ ಸಾರ್ವಜನಿಕ ಹಿತವಲ್ಲ.

ಊರಿಗೆ ಹಸಿರು ಬೇಡವೆ ಎಂದು ಕೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಗರ ಯೋಜನೆಗೆ ಕೇಂದ್ರ ಸರ್ಕಾರ ಕೊಟ್ಟಿರುವ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರು ತೆರೆದ ಜಾಗ ಇರಬೇಕೆನ್ನುತ್ತದೆ. ನಮ್ಮ ಬಿರುಬಿಸಿಲಿನ ಜಿಲ್ಲೆಯಲ್ಲಿ ನೆರಳಿನ ಬೆಲೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಕೊರತೆ ಎಲ್ಲಿದೆ ಎಂದು ನೋಡಬೇಕು. ಚಿತ್ರದುರ್ಗದ ಬೆನ್ನಿಗೆ ಜೋಗಿಮಟ್ಟಿಯ ಕಾಡಿದೆ, ಪಕ್ಕದಲ್ಲಿ ಚಂದ್ರವಳ್ಳಿಯಿದೆ. ದೊಡ್ಡ ಹಸಿರಿನ ಅಭಾವ ಈ ಊರಿಗಿಲ್ಲ. ಇರುವ ಅಭಾವವೆಂದರೆ ದೊಡ್ಡಪೇಟೆ, ಚಿಕ್ಕಪೇಟೆಯಂಥ ಒತ್ತೊತ್ತಾದ ಕಡೆ ಮುದುಕರು ಕೋಲೂರಿ ನಡೆದು ಹೋಗಬಹುದಾದ, ಮಕ್ಕಳು ರಸ್ತೆ ದಾಟದೆ ಆಡಬಹುದಾದ ಪುಟ್ಟ ಜಾಗಗಳದು. ಅಂಥ ಜಾಗ ಮನೆ ಕೆಡವಿ ಹುಟ್ಟುವುದಿಲ್ಲ. ಪಾರ್ಕಿಗೆಂದು ನಕ್ಷೆಯಲ್ಲಿ ಬಿಟ್ಟು ನೆಲದ ಮೇಲೆ ಕಸದ ಗುಡ್ಡೆಯಾಗಿರುವ ಬಡಾವಣೆಯ ಮೂಲೆಗಳು, ಸಂಜೆಯ ನಂತರ ಬೀಗ ಹಾಕುವ ಶಾಲೆಯ ಮೈದಾನ, ಬಳಕೆ ತಪ್ಪಿದ ಸರ್ಕಾರಿ ಆವರಣ, ಕೆರೆಯ ಏರಿ ಇವುಗಳಿಂದ ಹುಟ್ಟುತ್ತದೆ. ಹೆಸರಲ್ಲೇ ಕೆರೆಯನ್ನು ಇಟ್ಟುಕೊಂಡ ಹೊಳಲ್ಕೆರೆಗೂ, ಹೊಸದುರ್ಗ, ಹಿರಿಯೂರಿಗೂ ಈ ಮಾತು ಒಪ್ಪುತ್ತದೆ. ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಬಿಟ್ಟ ಜಾಗವನ್ನು ಉಳಿಸಿಕೊಳ್ಳಲಾಗದ ಆಡಳಿತ, ಜನ ಇರುವ ಜಾಗವನ್ನು ಕೇಳಲು ಬಂದರೆ ಮೊದಲು ಬಿಟ್ಟ ಜಾಗದ ಲೆಕ್ಕ ತೋರಿಸು ಎನ್ನುವ ಹಕ್ಕು ನಮಗಿದೆ. ಜೊತೆಗೆ ಇನ್ನೊಂದು ಮಾತು: ಪಾರ್ಕನ್ನು ದಿನವೂ ಬಳಸುವವರು ಅದರ ಪಕ್ಕದ ಸಣ್ಣ ಮನೆಗಳವರೇ. ಸ್ವಂತ ಅಂಗಳ, ತಾರಸಿ ಇಲ್ಲದವರಿಗೇ ಅದು ಹೆಚ್ಚು ಬೇಕು. ಅವರನ್ನು ಎಬ್ಬಿಸಿ ಮಾಡಿದ ಪಾರ್ಕಿಗೆ ಜನ ವಾರಕ್ಕೊಮ್ಮೆ ಕಾರಿನಲ್ಲಿ ಬರಬೇಕಾಗುತ್ತದೆ.

ಹೀಗೆ ಹೇಳುತ್ತ ಹೋದರೆ ಯಾವ ಸಾರ್ವಜನಿಕ ಕೆಲಸವೂ ಆಗುವುದಿಲ್ಲ, ಒಬ್ಬರಲ್ಲ ಒಬ್ಬರು ಏನಾದರೂ ಬಿಡಲೇಬೇಕು ಎಂಬ ಆಕ್ಷೇಪವೂ ಬರುತ್ತದೆ. ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. 1898ರಿಂದ 1907ರವರೆಗೆ ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿದಾಗ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಆ ನಷ್ಟ ಸಣ್ಣದಲ್ಲ, ಅದನ್ನು ಸುಲಭವಾಗಿ ಮರೆತದ್ದು ನಮ್ಮ ತಪ್ಪು. ಆದರೂ ಅಲ್ಲಿ ಎರಡು ಸಂಗತಿಗಳಿದ್ದವು. ಬರದ ನಾಡಿಗೆ ನೀರು ಎಂಬುದು ಬದುಕು-ಸಾವಿನ ಅಗತ್ಯ. ಅಣೆಕಟ್ಟಿಗೆ ಎರಡು ಗುಡ್ಡ ಹತ್ತಿರ ಬರುವ ಕಣಿವೆಯೇ ಬೇಕು, ಅದನ್ನು ಮನಸ್ಸು ಬಂದಲ್ಲಿಗೆ ಸರಿಸಲಾಗದು. ಪಾರ್ಕಿಗೆ ಈ ಎರಡೂ ಅನ್ವಯಿಸುವುದಿಲ್ಲ. ಅದಿಲ್ಲದೆ ಯಾರೂ ಬಾಯಾರಿ ಸಾಯುವುದಿಲ್ಲ, ಅದಕ್ಕೆ ಇಂಥದ್ದೇ ಕಣಿವೆ ಬೇಕಾಗಿಯೂ ಇಲ್ಲ. ಎಲ್ಲ ಸಾರ್ವಜನಿಕ ಉದ್ದೇಶಗಳೂ ಒಂದೇ ತೂಕದವಲ್ಲ ಎಂಬುದನ್ನು ಒಪ್ಪಿದರೆ ಆಕ್ಷೇಪ ತಾನಾಗಿ ಕರಗುತ್ತದೆ. ಅಣೆಕಟ್ಟಿನ ವಾದವನ್ನು ಎರವಲು ತಂದು ವಾಕಿಂಗ್ ಟ್ರ್ಯಾಕಿಗೆ ಜೋಡಿಸಬಾರದು.

ಈಗ ಕೋಟೆಯ ಬುಡಕ್ಕೆ ಬರೋಣ. ಕರುವಿನಕಟ್ಟೆ, ಕಾಮನಬಾವಿ ಬಡಾವಣೆ, ಬುರುಜನಹಟ್ಟಿ. ಹೆಸರುಗಳನ್ನು ಕೇಳಿದರೇ ಗೊತ್ತಾಗುತ್ತದೆ, ಕೋಟೆಯೂ ಊರೂ ಒಂದನ್ನೊಂದು ತಬ್ಬಿಕೊಂಡು ಬೆಳೆದವು. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ಕಾಯ್ದೆ ಹೇಳುವುದು ಹೊಸ ಕಟ್ಟಡದ ಬಗ್ಗೆ. ಇರುವ ಮನೆಯ ದುರಸ್ತಿಗೆ ಅನುಮತಿ ಪಡೆಯುವ ದಾರಿಯನ್ನು ಅದೇ ತೆರೆದಿಟ್ಟಿದೆ. ಇರುವವರನ್ನು ಎಬ್ಬಿಸಿ ಎಂದು ಅದು ಹೇಳಿಲ್ಲ. ಕಟ್ಟಬಾರದು ಎನ್ನುವುದಕ್ಕೂ ಇರಬಾರದು ಎನ್ನುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಹಂಪಿಯಲ್ಲಿ ಅಳಿಸಿಹೋದದ್ದು ಆ ಅಂತರ. ಯುನೆಸ್ಕೊದ ವಿಶ್ವ ಪರಂಪರೆ ಸಮಿತಿಯೇ 2007ರಲ್ಲಿ ಸ್ಥಳೀಯ ಸಮುದಾಯವನ್ನು ತನ್ನ ಐದನೇ ಗುರಿಯಾಗಿ ಸೇರಿಸಿಕೊಂಡಿದೆ. ಜನರಿಲ್ಲದೆ ಪರಂಪರೆ ಉಳಿಯದು ಎಂದು ಕಲಿಯಲು ಅವರಿಗೆ ಮೂವತ್ತು ವರ್ಷ ಹಿಡಿಯಿತು. ದುರ್ಗದವರಿಗೆ ಅದು ಮಕ್ಕಳ ಕಥೆಯಲ್ಲೇ ಗೊತ್ತು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾಗ ಕಾವಲುಗಾರ ಊಟಕ್ಕೆ ಕೂತಿದ್ದ, ಅವನ ಹೆಂಡತಿ ನೀರು ತರಲು ಹೋಗಿದ್ದಳು, ಸದ್ದು ಕೇಳಿದ್ದು ಅವಳಿಗೆ, ಕೈಗೆ ಸಿಕ್ಕಿದ್ದು ಒನಕೆ. ಓಬವ್ವನ ಆ ಕಥೆಯಲ್ಲಿ ಕೋಟೆಯ ಒಳಗೊಂದು ಮನೆಯಿದೆ, ಮನೆಯಲ್ಲಿ ಒಲೆಯಿದೆ, ಊಟದ ಹೊತ್ತಿದೆ, ಭತ್ತ ಕುಟ್ಟುವ ಒನಕೆಯಿದೆ. ಆ ಮನೆ ಅಲ್ಲಿ ಇಲ್ಲದಿದ್ದರೆ ಕಿಂಡಿಯ ಸದ್ದು ಯಾರಿಗೂ ಕೇಳುತ್ತಿರಲಿಲ್ಲ.

ಚಿತ್ರದುರ್ಗಕ್ಕೋ ಹಿರಿಯೂರಿಗೋ ನಾಳೆ ಒಂದು ಬಣ್ಣದ ನಕ್ಷೆ ಬಂದು, ಅದರಲ್ಲಿ ಮನೆಗಳಿರುವ ಕಡೆ ಹಸಿರು ಬಳಿದಿದ್ದರೆ ನಾವು ಕೇಳಬೇಕಾದ್ದು ಇಷ್ಟು. ಈ ಮನೆಗಳನ್ನು ಬಳಸಿಕೊಂಡು ಹೋಗುವ ಇನ್ನೊಂದು ನಕ್ಷೆ ಬರೆದಿದ್ದೀರಾ, ಬರೆದಿದ್ದರೆ ಅದನ್ನು ಬಿಟ್ಟದ್ದೇಕೆ? ಊರಿನಲ್ಲಿ ಪಾರ್ಕಿಗೆಂದು ಈಗಾಗಲೇ ಬಿಟ್ಟಿರುವ ಜಾಗ ಎಷ್ಟು, ಅದರಲ್ಲಿ ಗಿಡ ಇರುವುದೆಷ್ಟು, ಕೈತಪ್ಪಿರುವುದೆಷ್ಟು? ಬಾಡಿಗೆದಾರರ, ತಳ್ಳುಗಾಡಿಯವರ ಹೆಸರು ಬಾಧಿತರ ಪಟ್ಟಿಯಲ್ಲಿದೆಯೆ? ವಾರ್ಡಿನ ಜನರನ್ನು ಕೂರಿಸಿಕೊಂಡು ಕನ್ನಡದಲ್ಲಿ ವಿವರಿಸಿದ ಸಭೆ ಯಾವತ್ತು ನಡೆಯಿತು? ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗುವ ತನಕ ನಗರಸಭೆಯ ಯಾವ ಸದಸ್ಯರೂ ಅದಕ್ಕೆ ಕೈ ಎತ್ತಬಾರದು. ಉತ್ತರಗಳು ಸಿಕ್ಕ ಮೇಲೂ ಮನೆ ಕೆಡವುವುದೊಂದೇ ದಾರಿ ಎಂದಾದರೆ, ಮೊದಲು ಅಷ್ಟೇ ಹತ್ತಿರದಲ್ಲಿ ಹೊಸ ಮನೆ ಕಟ್ಟಿ ಬೀಗದ ಕೈ ಕೊಡಲಿ, ಹಳೆಯ ಮನೆಯ ಮುಂದೆ ಜೆಸಿಬಿ ನಿಲ್ಲುವುದು ಆಮೇಲೆ. ಇಷ್ಟು ಕೇಳಿದರೆ ಪಾರ್ಕಿನ ಹಸಿರು ಹೋಗುವುದಿಲ್ಲ. ನಕ್ಷೆ ಬರೆಯುವವರ ಕೆಲಸ ಒಂದಿಷ್ಟು ಹೆಚ್ಚುತ್ತದೆ, ಅಷ್ಟೆ.